ಪದವೀಧರನಾದ ಸಾಮಾನ್ಯ ಸಿಪಾಯಿ



ಸ್ಮರಣಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನದಲ್ಲಿ ಶಾಲೆಯ ಅಭಿವೃದ್ಧಿಯ ವರದಿಯನ್ನು ತಾವು ನಿರೀಕ್ಷಿಸುವುದು ಸಹಜ. ಆ ವರದಿಯು ಬೇರೆ ಪುಟಗಳಲ್ಲಿದೆ. ವಿದ್ಯೆಗಾಗಿ ಪರದೇಶಕ್ಕೆ ಹೋಗಿ, ಆ ದೇಶದ ಸೈನ್ಯವನ್ನೇ ಸೇರಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಮಡಿದ ಜೋಗೇಂದ್ರನಾಥ ಸೇನ್ ಎಂಬ ಬಂಗಾಳಿ ಯುವಕನ ವಿಷಯವನ್ನು ನಾನು ಇಲ್ಲಿ ಬರೆಯುತ್ತೇನೆ. ತಮ್ಮಲ್ಲಿ ಅನೇಕರ ಮಕ್ಕಳು ಹೊರದೇಶಗಳಲ್ಲಿ ಓದುತ್ತಲೂ ದುಡಿಯುತ್ತಲೂ ಇರುವುದರಿಂದ ಇದು ತಮಗೆ ದೂರದ ಮಾತೆನಿಸಲಾರದು.

ಮೊದಲನೆಯ ಮಹಾಯುದ್ಧದ ಪಾಠ ಬಂದಾಗ ನಮ್ಮ ಬಾಲಿಕೆಯರಿಗೆ ಮೈಸೂರು ಅಶ್ವದಳದವರು 1918ರಲ್ಲಿ ಹೈಫಾ ನಗರವನ್ನು ಗೆದ್ದ ಸಂಗತಿಯನ್ನು ಹೇಳುತ್ತೇವೆ. ಆ ಯೋಧರು ತಮ್ಮ ಸಂಸ್ಥಾನದ ದಳದಲ್ಲಿ, ತಮ್ಮವರ ನಡುವೆಯೇ ಹೋದವರು. ಸೇನ್ ಹಾಗಲ್ಲ; ಅವನು ಪರಕೀಯರ ನಡುವೆ ಒಬ್ಬನೇ ನಿಂತವನು.

ಆಗ ಫ್ರೆಂಚರ ಆಡಳಿತದಲ್ಲಿದ್ದ ಚಂದನನಗರವು ಅವನ ಊರು. 1910ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾನಿಲಯವನ್ನು ಸೇರಿ, 1913ರಲ್ಲಿ ವಿದ್ಯುತ್ ಎಂಜಿನಿಯರಿಂಗಿನಲ್ಲಿ ಪದವಿ ಪಡೆದು, ಅದೇ ನಗರಸಭೆಯ ವಿದ್ಯುದ್ದೀಪ ಕೇಂದ್ರದಲ್ಲಿ ಸಹಾಯಕ ಎಂಜಿನಿಯರನಾಗಿ ಕೆಲಸಕ್ಕೆ ನಿಂತನು. 1914ರಲ್ಲಿ ಯುದ್ಧವು ಆರಂಭವಾದೊಡನೆ ಆ ಊರಿನ ತರುಣರು ಗೆಳೆಯ ಗೆಳೆಯರು ಕೂಡಿ ಒಂದು ದಳವನ್ನು ಕಟ್ಟಿದರು. ವೆಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ 15ನೆಯ ಪಟಾಲಮ್ಮಾದ ಅದಕ್ಕೆ 'ಲೀಡ್ಸ್ ಪಾಲ್ಸ್' ಎಂಬ ಹೆಸರು. ಮೊದಲಲ್ಲೇ ಹೆಸರು ಬರೆಯಿಸಿದವರಲ್ಲಿ ಸೇನನೂ ಒಬ್ಬನು. ಅಷ್ಟು ಮಂದಿಯಲ್ಲಿ ಬಿಳಿಯನಲ್ಲದವನು ಅವನೊಬ್ಬನೇ.

ಅವನೊಡನೆ ಒಂದೇ ಬಿಡಾರದಲ್ಲಿದ್ದ ಸಿಪಾಯಿಯೊಬ್ಬನು, ಸುಮಾರು ಎಪ್ಪತ್ತು ವರ್ಷಗಳ ಅನಂತರ, ಮುಪ್ಪಿನಲ್ಲಿ ಅವನನ್ನು ನೆನೆದಿದ್ದಾನೆ. ಪಟಾಲಮ್ಮಿನಲ್ಲೆಲ್ಲ ಅತ್ಯಂತ ವಿದ್ಯಾವಂತನು ಅವನೇ, ಏಳು ಭಾಷೆಗಳನ್ನು ಆಡಬಲ್ಲವನಾಗಿದ್ದನು. ಆದರೂ ಅವನಿಗೆ ಅತಿ ಕಿರಿಯ ನಾಯಕಪದವಿಯೂ ದೊರೆಯಲಿಲ್ಲ, ಏಕೆಂದರೆ ವರ್ಣೀಯನೊಬ್ಬನು ಬಿಳಿಯರಿಗೆ ಆಜ್ಞೆ ಮಾಡುವುದನ್ನು ಅಂದು ಸಹಿಸುತ್ತಿರಲಿಲ್ಲ ಎಂದು ಆ ವೃದ್ಧನು ಹೇಳಿದನು. ಭಾರತೀಯ ಯೋಧರಿಗೆ ರಾಜನ ಕಮಿಷನ್ ಪಡೆಯುವ ದಾರಿ ತೆರೆದದ್ದು 1917ರಲ್ಲಿ. ಅಷ್ಟರೊಳಗೆ ಸೇನ್ ಮಣ್ಣಿನಲ್ಲಿದ್ದನು.

ದಳವು ಈಜಿಪ್ಟಿಗೆ ಹೋಗಿ, ಅಲ್ಲಿಂದ 1916ರ ವಸಂತದಲ್ಲಿ ಫ್ರಾನ್ಸಿನ ಸೊಮ್ ಪ್ರಾಂತಕ್ಕೆ ಬಂದಿತು. ಮೇ 22ರ ರಾತ್ರಿ ಕಂದಕಗಳ ಮುಂದೆ ಮುಳ್ಳುತಂತಿ ಕಟ್ಟುವ ತಂಡದಲ್ಲಿ ಸೇನ್ ಇದ್ದನು. ಸಿಡಿಗುಂಡಿನ ಚೂರುಗಳು ಮೊದಲು ಕಾಲಿಗೆ, ಅನಂತರ ಕತ್ತಿಗೆ ತಗುಲಿದುವು. ಕೊಲಾಂಕಾಂ ಗ್ರಾಮದ ಬಳಿಯ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಆರು ವಾರ ತುಂಬುವುದರೊಳಗೆ, ಜುಲೈ 1ರಂದು, ಅವನ ಸಂಗಡಿಗರಲ್ಲಿ ಬಹುಮಂದಿ ಸೆರ್ ಎಂಬ ಹಳ್ಳಿಯ ಎದುರಿನಲ್ಲಿ ಒಂದೇ ಬೆಳಗಿನಲ್ಲಿ ಉರುಳಿದರು.

ಈ ವೃತ್ತಾಂತವನ್ನು ನಾನು ಹತ್ತನೆಯ ತರಗತಿಯಲ್ಲಿ ಹೇಳಿದಾಗ ಹುಡುಗಿಯೊಬ್ಬಳು ಎದ್ದು, "ಹಾಗಾದರೆ ಅವನು ಓದಿದ್ದರಿಂದ ಏನು ಬಂತು, ಮಿಸ್?" ಎಂದು ಕೇಳಿದಳು. ಕೂಲಿ ಮಾಡಿ ಮಗಳ ಶುಲ್ಕ ಕಟ್ಟುವ ತಾಯಿಯ ಮಗಳು ಅವಳು. ಆ ಪ್ರಶ್ನೆಗೆ ಹಾರಿಕೆಯ ಉತ್ತರ ಸಲ್ಲದು.

ಓದಿದರೆ ಸ್ಥಾನ ದೊರೆಯುವುದೆಂದು ಉಪಾಧ್ಯಾಯರಾದ ನಾವು ಮಕ್ಕಳಿಗೂ ಪೋಷಕರಿಗೂ ನಿತ್ಯವೂ ಹೇಳುತ್ತೇವೆ. ಬಹುಪಾಲು ಅದು ನಿಜವೂ ಹೌದು. ಆದರೆ ವಿದ್ಯೆಯನ್ನು ಸಂಪಾದಿಸುವುದು ನಮ್ಮ ಕೈಯಲ್ಲಿದೆ. ಸ್ಥಾನವನ್ನು ಕೊಡುವುದು ಇನ್ನೊಬ್ಬರ ಕೈಯಲ್ಲಿದೆ. ಸೇನ್ ತನ್ನ ಪಾಲಿನ ಕೆಲಸವನ್ನು ಪೂರ್ಣವಾಗಿ ಮಾಡಿದ್ದನು. ಕೊರತೆಯಿದ್ದುದು ಅವನ ಮುಖವನ್ನು ನೋಡಿ ಪದವಿಯನ್ನು ನೋಡದೆ ಹೋದವರಲ್ಲಿ. ಆ ಹುಡುಗಿಗೆ ನಾನು ಹೀಗೆಯೇ ಹೇಳಿದೆನು. ಅವಳು ತೃಪ್ತಳಾಗಿ ಕುಳಿತಳೆಂದು ಮಾತ್ರ ಹೇಳಲಾರೆನು.

ಅವಳ ಪ್ರಶ್ನೆಗೆ ಉಳಿದ ಉತ್ತರವು, ಹಳೆಯ ವಿದ್ಯಾರ್ಥಿನಿಯರೇ, ತಮ್ಮಲ್ಲಿದೆ. ತಮ್ಮಲ್ಲಿ ಕೆಲವರು ಇಂದು ಆಸ್ಪತ್ರೆಗಳಲ್ಲಿ ಮೇಲ್ವಿಚಾರಕಿಯರು, ಕೆಲವರು ಕಚೇರಿಗಳಲ್ಲಿ ಅಧಿಕಾರಿಗಳು, ಕೆಲವರು ನನ್ನಂತೆ ಶಾಲೆ ನಡೆಯಿಸುವವರು. ನಾಳೆ ಒಬ್ಬಳು ಬಾಲಿಕೆ ಕಾಗದಪತ್ರಗಳನ್ನು ಹಿಡಿದು ತಮ್ಮ ಮೇಜಿನ ಮುಂದೆ ನಿಂತಾಗ, ಅವಳ ಜಾತಿಯನ್ನೂ ಬಣ್ಣವನ್ನೂ ಮಾತಿನ ಧಾಟಿಯನ್ನೂ ಬದಿಗಿಟ್ಟು ಆ ಕಾಗದವನ್ನು ಓದಿರೆಂದು ಬೇಡಿಕೊಳ್ಳುತ್ತೇನೆ.

ಸೇನನ ಹೆಸರು ಲೀಡ್ಸ್ ವಿಶ್ವವಿದ್ಯಾನಿಲಯದ ಯುದ್ಧಸ್ಮಾರಕದಲ್ಲಿ ಕೆತ್ತಲ್ಪಟ್ಟಿದೆ. ಅವನ ಕನ್ನಡಕವು ಸಮುದ್ರ ದಾಟಿ ಮನೆಯವರನ್ನು ಸೇರಿ, ಕೊನೆಗೆ ಚಂದನನಗರದ ವಸ್ತುಸಂಗ್ರಹಾಲಯಕ್ಕೆ ಬಂದಿತು. 2005ರಲ್ಲಿ ಶಂತನು ದಾಸ್ ಎಂಬ ವಿದ್ವಾಂಸರು ಅದನ್ನು ಅಲ್ಲಿ ಕಂಡು ಲೋಕದ ಗಮನಕ್ಕೆ ತಂದರು. ಅದರ ಮೇಲೆ ರಕ್ತದ ಕಲೆ ಉಳಿದಿತ್ತು. ಕಲ್ಕತ್ತೆಯ ಕಡೆಗೆ ಹೋಗುವವರು, ಮಕ್ಕಳು ಜೊತೆಯಲ್ಲಿದ್ದರೆ, ಹೂಗ್ಲಿಯ ದಡದ ಆ ಊರಿಗೆ ಹೋಗಿ ಅವರಿಗೆ ಅವನ ಹೆಸರನ್ನು ಹೇಳಿ ಬನ್ನಿರಿ.