ಯೋಜಕನ ಪಾಡು

ಚಡಚಣದ ಪೇಟೆಯಲ್ಲಿ ಜವಳಿಯ ವ್ಯಾಪಾರವು ಪ್ರಸಿದ್ಧವಾದದ್ದು. ನುರಿತ ವ್ಯಾಪಾರಿಯು ಸೀರೆಯ ಬಣ್ಣಕ್ಕೆ ಮರುಳಾಗುವದಿಲ್ಲ. ಸೆರಗನ್ನು ಬೆರಳುಗಳ ನಡುವೆ ಹಿಡಿದು ನೂಲಿನ ಸತ್ವವನ್ನು ತಿಳಿಯುವನು. ಅರಿವೆಯನ್ನು ಆರಿಸುವದಕ್ಕೆ ಇಷ್ಟು ಪರಿಣತಿ ಬೇಕಾದರೆ, ಅಧಿಕಾರಕ್ಕೆ ತಕ್ಕ ಮನುಷ್ಯನನ್ನು ಆರಿಸುವದಕ್ಕೆ ಎಷ್ಟು ಬೇಕು? ಲೋಕದಲ್ಲಿ ಯೋಗ್ಯರಿಗೆ ಕೊರತೆಯಿಲ್ಲ, ಅವರನ್ನು ತಕ್ಕ ಸ್ಥಾನಕ್ಕೆ ಹೊಂದಿಸುವ ಯೋಜಕನಿಗೇ ಕೊರತೆ ಎಂದು ಪ್ರಾಚೀನರು ಬಗೆದಿದ್ದರು.

ಈಗ ಯೋಜಕತ್ವವು ಒಂದು ವೃತ್ತಿಯೇ ಆಗಿರುವದು. ದೊಡ್ಡ ಕಂಪನಿಗಳು ಮುಖ್ಯಾಧಿಕಾರಿಗಳನ್ನು ಹುಡುಕಿಕೊಡುವವರಿಗೆ ಸಂಭಾವನೆ ಸಲ್ಲಿಸುತ್ತವೆ. ಒಂದೇ ಕುಲದ, ಒಂದೇ ಶಾಲೆಯ ಗಂಡಸರಿಂದಲೇ ಪೀಠಗಳೆಲ್ಲ ತುಂಬಬಾರದೆಂದು ಎಚ್ಚರ ವಹಿಸುವವರೂ ಅವರಲ್ಲುಂಟು. 2013ರ ಕಂಪನಿ ಕಾಯಿದೆಯು ಕೆಲವು ವರ್ಗದ ಕಂಪನಿಗಳ ನಿರ್ದೇಶಕ ಮಂಡಲಿಯಲ್ಲಿ ಒಬ್ಬ ಸ್ತ್ರೀಯಾದರೂ ಇರತಕ್ಕದ್ದೆಂದು ವಿಧಿಸಿತು. ಆದರೆ ಇದೇ ಕಾರ್ಯವನ್ನು ಒಂದು ರಾಜ್ಯದ ಮಟ್ಟದಲ್ಲಿ, ಸಂಭಾವನೆಯ ಮಾತಿಲ್ಲದೆ ಮಾಡಿದವರೊಬ್ಬರು ಕನ್ನಡನಾಡಿನಲ್ಲಿ ಆಗಿಹೋದರು. ಅವರೇ ಡಿ. ದೇವರಾಜ ಅರಸರು.

ಹುಣಸೂರು ಸೀಮೆಯ ಕಲ್ಲಹಳ್ಳಿಯವರಾದ ಅರಸರ ಸಮುದಾಯವು ಸಂಖ್ಯೆಯಲ್ಲಿ ಅತ್ಯಲ್ಪವಾದದ್ದು. ತಲೆಯೆಣಿಕೆಯ ಬಲವಿಲ್ಲದವರ ಸ್ಥಿತಿಯನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. 1972ರ ವಿಧಾನಸಭೆಯ ಚುನಾವಣೆಯಲ್ಲಿ, ಅದುವರೆಗೆ ಯಾರ ಲೆಕ್ಕಕ್ಕೂ ಬಾರದಿದ್ದ ಸಣ್ಣ ಸಮುದಾಯಗಳ ತರುಣರನ್ನು ಹುಡುಕಿ ಕಣಕ್ಕಿಳಿಸಿದರು. ಗುರುಮಠಕಲ್ಲಿನಿಂದ ಕಾರ್ಮಿಕರ ಪರವಾಗಿ ದುಡಿಯುತ್ತಿದ್ದ ದಲಿತ ವಕೀಲ ಮಲ್ಲಿಕಾರ್ಜುನ ಖರ್ಗೆ, ಸಿಂದಗಿಗೆ ನೆರೆಯ ಜೇವರ್ಗಿಯಿಂದ ರಜಪೂತ ಮನೆತನದ ಧರ್ಮಸಿಂಗ್, ಕಾರ್ಕಳದಿಂದ ದೇವಾಡಿಗ ಸಮುದಾಯದ ವೀರಪ್ಪ ಮೊಯಿಲಿ ಮೊದಲಾದವರು ಆ ಸಲ ಗೆದ್ದುಬಂದರು. 216 ಸ್ಥಾನಗಳಲ್ಲಿ 165 ಕಾಂಗ್ರೆಸ್ಸಿನ ಪಾಲಾದವು, ಅರಸರು ಮುಖ್ಯಮಂತ್ರಿಗಳಾದರು. ಅದೇ ವರ್ಷ ವಕೀಲ ಎಲ್. ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗವನ್ನು ನೇಮಿಸಿದರು. ಅದರ ವರದಿಯು 1975ರಲ್ಲಿ ಬಂದಿತು.

ಜಾತಿಯನ್ನು ನೋಡಿ ಆರಿಸಿದರೆ ಯೋಗ್ಯತೆಯು ಹಿಂದೆ ಬೀಳುವದಿಲ್ಲವೇ ಎಂದು ಕೆಲವರು ಕೇಳಬಹುದು. ಪ್ರಶ್ನೆಯು ನ್ಯಾಯವಾದದ್ದೇ ಸರಿ. ಆದರೆ ಮೊದಲೂ ಜಾತಿಯನ್ನು ನೋಡಿಯೇ ಆರಿಸುತ್ತಿದ್ದರು. ಹಾಗೆಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ. ಅರಸರು ಯೋಗ್ಯತೆಯನ್ನು ಬಿಡಲಿಲ್ಲ. ಅದನ್ನು ಹುಡುಕುವ ಸೀಮೆಯನ್ನು ಹಿಗ್ಗಿಸಿದರು. ಮೇಲೆ ಹೇಳಿದ ಮೂವರೂ ನ್ಯಾಯಶಾಸ್ತ್ರವನ್ನು ಓದಿದವರು. ಮೊಯಿಲಿಯವರು 1992ರಲ್ಲಿ, ಧರ್ಮಸಿಂಗರು 2004ರಲ್ಲಿ ಮುಖ್ಯಮಂತ್ರಿಗಳಾದರು; ಖರ್ಗೆಯವರು 2022ರಲ್ಲಿ ತಮ್ಮ ಪಕ್ಷದ ರಾಷ್ಟ್ರಾಧ್ಯಕ್ಷರಾದರು.

ಇನ್ನು ಯೋಜಕನ ಪಾಡೇನಾಯಿತು? 1979ರಲ್ಲಿ ಅರಸರು ಇಂದಿರಾ ಗಾಂಧಿಯವರಿಂದ ಬೇರ್ಪಟ್ಟರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ 27 ಇಂದಿರಾ ಕಾಂಗ್ರೆಸ್ಸಿಗೆ ದೊರೆತವು. ಅರಸರು ಬೆಳೆಸಿದವರಲ್ಲಿ ಅನೇಕರು ಅವರನ್ನು ಬಿಟ್ಟು ನಡೆದರು. ಅಧಿಕಾರವು ಆರ್. ಗುಂಡೂರಾಯರಿಗೆ ಹೋಯಿತು. 1982ರ ಜೂನ್ 6ರಂದು ಅರಸರು ತೀರಿಕೊಂಡರು.

ಇದನ್ನು ಕೃತಘ್ನತೆಯೆಂದು ಹಳಿಯುವದು ಸುಲಭ. ಆದರೆ ಆರಿಸಲ್ಪಟ್ಟವನು ಆರಿಸಿದವನ ನೆರಳಾಗಿಯೇ ಉಳಿದರೆ ಅವನು ಆಳಾದನೇ ಹೊರತು ಮುಂದಾಳಾಗಲಿಲ್ಲ. ತಾನು ನಿಲ್ಲಿಸಿದವರು ತನ್ನನ್ನು ಬಿಟ್ಟೂ ನಿಲ್ಲಬಲ್ಲರೆಂಬದೇ ಯೋಜಕನಿಗೆ ಸಲ್ಲುವ ಫಲ. ಅದು ಕಹಿಯಾದದ್ದೆಂದು ಬಲ್ಲವನೇ ಈ ಕಾರ್ಯಕ್ಕೆ ಕೈಹಾಕತಕ್ಕದ್ದು.