ಮೃಗವಧೆಯ ನಾಡಿನಲ್ಲಿ

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಮೃಗವಧೆ ಎಂಬ ಊರೊಂದುಂಟು. ಹೊನ್ನಿನ ಜಿಂಕೆಯಾಗಿ ಬಂದ ಮಾರೀಚನನ್ನು ಶ್ರೀರಾಮನು ಕೊಂದದ್ದು ಇಲ್ಲಿಯೇ ಎಂದು ಸ್ಥಳಪುರಾಣ. ಅದೇ ತಾಲ್ಲೂಕಿನ ಅಂಬುತೀರ್ಥದಲ್ಲಿ, ಬಾಯಾರಿದ ಸೀತೆಗಾಗಿ ರಾಮನು ನೆಲಕ್ಕೆ ಬಾಣ ಹೊಡೆದನೆಂದೂ ಚಿಮ್ಮಿದ ನೀರೇ ಶರಾವತಿಯಾಯಿತೆಂದೂ ಹೇಳುತ್ತಾರೆ. ತೀರ್ಥಹಳ್ಳಿ ಪೇಟೆಯ ಬದಿಯಲ್ಲಿ, ತುಂಗೆಯ ಬಂಡೆಗಳ ನಡುವೆ, ಪರಶುರಾಮನ ಕೊಡಲಿಗೆ ಅಂಟಿದ ರಕ್ತದ ಕಲೆ ತೊಳೆದುಹೋಯಿತಂತೆ. ಎಳ್ಳಮಾವಾಸ್ಯೆಯ ಜಾತ್ರೆಗೆ ಬಂದ ಸಾವಿರಾರು ಜನ ಇಂದಿಗೂ ಅಲ್ಲಿ ಮೀಯುತ್ತಾರೆ. ಬೇಟೆಗೊಂದು ಊರು, ಬಾಣಕ್ಕೊಂದು ಊರು, ರಕ್ತ ತೊಳೆಯಲು ಒಂದು ತೀರ್ಥ! ಒಂದೇ ತಾಲ್ಲೂಕಿನ ಪುರಾಣದಲ್ಲಿ ಬೇಟೆಯ ಆದಿಯೂ ಅಂತ್ಯವೂ ಅಡಗಿವೆ.

ಈ ಶರಾವತಿಯ ಬೆನ್ನು ಹತ್ತಿ ಹೊರಟವನಿಗೆ ಮಲೆನಾಡಿನ ಮೂರು ತಾಲ್ಲೂಕುಗಳ ದರ್ಶನವಾಗುತ್ತದೆ. ತೀರ್ಥಹಳ್ಳಿಯ ನೆಲದಲ್ಲಿ ಹುಟ್ಟಿದ ಹೊಳೆ ಹೊಸನಗರದ ಗದ್ದೆಬಯಲುಗಳ ನಡುವೆ ಹರಿದು, ಸಾಗರದ ಸೀಮೆಯಲ್ಲಿ ಲಿಂಗನಮಕ್ಕಿಯ ಕಟ್ಟೆಗೆ ಸಿಕ್ಕಿ, ಮಿಕ್ಕದ್ದು ಜೋಗದಲ್ಲಿ ಧುಮುಕುತ್ತದೆ. ದಾರಿಯುದ್ದಕ್ಕೂ ಕಾಣುವುದು ಒಂದೇ ಬಗೆಯ ನೋಟ. ಗುಡ್ಡದ ತಪ್ಪಲಲ್ಲಿ ಒಂದು ಮನೆ, ಮನೆಯ ಕೆಳಗೆ ಅಡಕೆಯ ತೋಟ, ತೋಟದ ಕೆಳಗೆ ಭತ್ತದ ಗದ್ದೆ, ಬೆನ್ನಿಗೆ ಕಾಡು. ನೆರೆಮನೆಯೆಂದರೆ ಕೂಗಳತೆಯಾಚೆ. ಇಂಥ ಮನೆಯ ಜಗಲಿಗೆ ಹತ್ತಿದರೆ ಗೋಡೆಯಲ್ಲಿ ದೇವರ ಪಟಗಳ ಸಾಲಿನಲ್ಲಿಯೇ, ಎರಡು ಗೂಟಗಳ ಮೇಲೆ ಅಡ್ಡಲಾಗಿ ತೂಗುವ ಒಂದು ಕೋವಿಯನ್ನು ಕಾಣಬಹುದು. ಬಹುಮಟ್ಟಿಗೆ ಅದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ತುಂಬಿ ಹಾರಿಸುವಂಥದು. ಅಜ್ಜನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಬಂದದ್ದು. ಅದರ ಇತಿಹಾಸವೆಂದರೆ ಈ ಸೀಮೆಯ ಇತಿಹಾಸವೇ.

ಹಿಂದೆ ಈ ಕೋವಿಗೆ ಮೂವರ ಅಪ್ಪಣೆ ಬೇಕಾಗುತ್ತಿತ್ತು: ಊರಿನದು, ದೇವರದು, ಸರ್ಕಾರದ್ದು. ಮೊದಲನೆಯದೇ ಮುಖ್ಯವಾದುದು. ಮಲೆನಾಡಿನ ದೊಡ್ಡ ಬೇಟೆ ಒಬ್ಬನಿಂದ ಆಗುವ ಕೆಲಸವಲ್ಲ. ಗದ್ದೆಯ ಕೊಯ್ಲು ಮುಗಿದು ಕೈ ಬಿಡುವಾದಾಗಲೋ ಹಬ್ಬದ ಮರುದಿನವೋ ಹತ್ತಾರು ಮನೆಗಳ ಗಂಡಸರು ಒಟ್ಟುಗೂಡುವರು. ಹಿಂದಿನ ದಿನವೇ ಒಬ್ಬಿಬ್ಬರು ಅನುಭವಿಗಳು ಕಾಡಂಚಿಗೆ ಹೋಗಿ, ಹಂದಿ ಯಾವ ಹಕ್ಕಲಿನಲ್ಲಿ ಮೂತಿಯೂರಿ ನೆಲ ಉತ್ತಿದೆ, ಯಾವ ಮರಕ್ಕೆ ಮೈಯುಜ್ಜಿ ಕೆಸರು ಬಳಿದಿದೆ, ಹೆಜ್ಜೆ ಹೊಸತೋ ಹಳತೋ ಎಂಬುದನ್ನು ನೋಡಿ ಬರುವರು. ಹೆಜ್ಜೆಯ ಅಂಚಿನ ಮಣ್ಣು ಉದುರಿದ್ದರೆ ಹಳೆಯದು. ತೇವವಾಗಿ ನಿಂತಿದ್ದರೆ ಮೃಗ ಹತ್ತಿರದಲ್ಲಿದೆ. ಹಿಂಡು ಬಿಟ್ಟು ಬದುಕುವ ಮುದಿ ಗಂಡುಹಂದಿಗೆ ಇಲ್ಲಿ ‘ಒಂಟಿಗ’ ಎಂದು ಹೆಸರು. ಒಂಟಿಗನ ಹೆಜ್ಜೆ ಕಂಡಿತೆಂದರೆ ಮಾತುಕತೆಯ ಧ್ವನಿಯೇ ಬದಲಾಗುತ್ತಿತ್ತು. ಅದರ ಕೋರೆಗೆ ನಾಯಿಯ ಹೊಟ್ಟೆಯೂ ಒಂದೇ, ಮನುಷ್ಯನ ತೊಡೆಯೂ ಒಂದೇ.

ಮನೆಯಲ್ಲಿ ಕೋವಿಯ ಸಿದ್ಧತೆ ನಡೆಯುತ್ತಿತ್ತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡು ಇದು. ಮಳೆಗಾಲದ ಥಂಡಿ ಹಿಡಿದ ಮದ್ದು ಬೇಟೆಯ ದಿನ ಕೈಕೊಡದಿರಲೆಂದು ಅದನ್ನು ಬಿಸಿಲಿಗೆ ಹರಡುವರು. ನಳಿಗೆಯನ್ನು ಎಣ್ಣೆಬಟ್ಟೆಯಿಂದ ಒರೆಸಿ, ಅಳತೆಯ ಮದ್ದು ಹೊಯ್ದು, ತೆಂಗಿನ ನಾರಿನ ಉಂಡೆ ತುರುಕಿ ಗಜದಿಂದ ಜಡಿದು, ಅದರ ಮೇಲೆ ಗುಂಡನ್ನೋ ಚರೆಯನ್ನೋ ಇಳಿಬಿಟ್ಟು, ಮತ್ತೆ ನಾರು ಜಡಿಯುವರು. ಕೇಪನ್ನು ಏರಿಸುವುದು ಮಾತ್ರ ಬೇಟೆಯ ತಾವಿನಲ್ಲಿ. ಮದ್ದು ಕಡಮೆಯಾದರೆ ಹಂದಿಗೆ ಕಚಗುಳಿ, ಹೆಚ್ಚಾದರೆ ನಳಿಗೆ ಸಿಡಿದು ಹೊಡೆದವನಿಗೇ ಗಂಡಾಂತರ. ಒಂದು ಈಡು ಹಾರಿದ ಮೇಲೆ ಇನ್ನೊಂದನ್ನು ತುಂಬಲು ಮೃಗ ಸಮಯ ಕೊಡುವುದಿಲ್ಲ. ಮಲೆನಾಡಿನ ಬೇಟೆಗಾರನ ತಾಳ್ಮೆ, ಗುರಿ, ಮಿತಭಾಷಿತ್ವ ಎಲ್ಲವೂ ಈ ಒಂದೇ ಈಡಿನಿಂದ ಹುಟ್ಟಿದವೆಂದರೆ ತಪ್ಪಾಗಲಾರದು.

ಇನ್ನು ದೇವರ ಅಪ್ಪಣೆ. ಊರ ಬನದ ಭೂತಕ್ಕೋ ಚೌಡಿಗೋ ಕಾಯಿ ಒಡೆದು ಹರಕೆ ಹೊರುವುದುಂಟು. ನಿಮಿತ್ತ ಕೇಳಿಸಿ, ಒಳ್ಳೆಯದಾಗದಿದ್ದರೆ ಹೊರಟವರು ಹಿಂದಿರುಗುವುದೂ ಉಂಟು. ಮೃಗ ದೊರೆಯುವುದು ಬಿಡುವುದು ಗುರಿಯ ಮಾತಲ್ಲ, ಋಣದ ಮಾತು ಎಂಬ ನಂಬಿಕೆ. ಘಟ್ಟದ ಕೆಳಗಿನ ತುಳುನಾಡಿನಲ್ಲಂತೂ ಹಂದಿಯೇ ಪಂಜುರ್ಲಿಯೆಂಬ ದೈವ; ಬೆಳೆ ಹಾಳುಮಾಡುವ ಪ್ರಾಣಿಯನ್ನೇ ಬೆಳೆ ಕಾಯುವ ದೈವವನ್ನಾಗಿ ಮಾಡಿಕೊಂಡ ಜಾಣ್ಮೆ ರೈತನಿಗಲ್ಲದೆ ಇನ್ನಾರಿಗೆ ಬಂದೀತು?

ಬೆಳಗಾಗುತ್ತಲೆ ತಂಡ ಎರಡಾಗುತ್ತಿತ್ತು. ಕೋವಿಯುಳ್ಳವರು ಕಾಡಿನ ಒಂದು ಬದಿಯಲ್ಲಿ, ಮೃಗ ದಾಟುವ ಕಂಡಿಗಳಲ್ಲಿ, ಉಸಿರು ಬಿಗಿಹಿಡಿದು ನಿಲ್ಲುವರು. ಹೀಗೆ ನಿಲ್ಲುವ ತಾವಿಗೆ ಇಲ್ಲಿಯ ಮಾತಿನಲ್ಲಿ ‘ಬಿಲ್ಲು’ ಎನ್ನುತ್ತಾರೆ. ಬಿಲ್ಲುಬಾಣಗಳ ಕಾಲ ಕಳೆದು ಎಷ್ಟೋ ತಲೆಮಾರುಗಳಾದರೂ ಮಾತು ಉಳಿದುಕೊಂಡಿದೆ. ಉಳಿದವರು ನಾಯಿಗಳೊಡನೆ ಎದುರು ಬದಿಯಿಂದ ಹಳು ನುಗ್ಗುವರು. ಕೂಗು, ಬೊಗಳಾಟ, ಬಿದಿರು ಮುರಿಯುವ ಸದ್ದು, ಆಮೇಲೆ ಒಮ್ಮೆಲೆ ಮೌನ. ಆ ಮೌನದಲ್ಲಿ ಬಿಲ್ಲಿಗೆ ನಿಂತವನ ಎದೆ ಬಡಿತ ಅವನಿಗೇ ಕೇಳಿಸುತ್ತದೆ. ಈ ಕ್ಷಣವನ್ನು ಕನ್ನಡಕ್ಕೆ ತಂದುಕೊಟ್ಟವರು ಕುಪ್ಪಳಿಯ ಮನೆಯಲ್ಲಿ ಬೆಳೆದ ಕುವೆಂಪು. 1933ರ ‘ಮಲೆನಾಡಿನ ಚಿತ್ರಗಳು’, 1936ರ ‘ಕಾನೂರು ಹೆಗ್ಗಡಿತಿ’, 1967ರ ‘ಮಲೆಗಳಲ್ಲಿ ಮದುಮಗಳು’ ಇವುಗಳನ್ನು ಓದಿದವರಿಗೆ ಈ ಕಾಡು ಹೊಸದಲ್ಲ.

ಮೃಗ ಬಿದ್ದ ಮೇಲೆ ಪಾಲು. ಹೊಡೆದವನಿಗೆ ಒಂದು ಹೆಚ್ಚಿನ ಪಾಲು, ನಾಯಿಯ ಒಡೆಯನಿಗೆ ನಾಯಿಯ ಹೆಸರಿನಲ್ಲಿ ಒಂದು, ಹಳು ನುಗ್ಗಿದವರಿಗೆಲ್ಲ ಸಮಪಾಲು. ಕೋವಿಯಿಲ್ಲದ ಬಡವನೂ ಮುಳ್ಳು ಕೀರಿದ ಮೈಯೊಡನೆ ಎಲೆಯ ಕಟ್ಟು ಹಿಡಿದು ಮನೆಗೆ ಹೋಗುತ್ತಿದ್ದನು. ಒಡೆಯನೂ ಒಕ್ಕಲೂ ಒಂದು ಹಗಲಾದರೂ ಒಂದೇ ಕಾಡಿನಲ್ಲಿ ಬೆವರು ಸುರಿಸಿದ್ದು ಇಂಥ ದಿನಗಳಲ್ಲಿ ಮಾತ್ರ. ಮರುದಿನ ಒಡೆಯ ಒಡೆಯನೇ, ಒಕ್ಕಲು ಒಕ್ಕಲೇ. ಸಾಗರದ ಕಡೆಯ ಹವ್ಯಕರು ಮಾಂಸ ಮುಟ್ಟುವವರಲ್ಲ, ಬೇಟೆಗೆ ಹೋಗುವವರೂ ಅಲ್ಲ. ಆದರೆ ತಮ್ಮ ತೋಟದ ಮೇಲಿನ ಗುಡ್ಡದಲ್ಲಿ ಹಳು ನುಗ್ಗುವ ಕೂಗು ಕೇಳಿಸಿದರೆ ಅವರು ಬೇಸರಪಟ್ಟುಕೊಳ್ಳುತ್ತಿದ್ದರೆಂದು ಯಾರೂ ಹೇಳುವುದಿಲ್ಲ.

ಮೂರನೆಯದಾದ ಸರ್ಕಾರದ ಅಪ್ಪಣೆ ಮೊದಮೊದಲು ದೂರದ ಮಾತಾಗಿತ್ತು. ಹುಲಿ ಕೊಂದವನಿಗೆ ಇನಾಮು ಕೊಡುತ್ತಿದ್ದ ಕಾಲವೂ ಒಂದಿತ್ತು. ಮೈಸೂರು ಸರ್ಕಾರ 1901ರಲ್ಲಿಯೇ ಬೇಟೆಯ ಮೃಗಗಳನ್ನೂ ಮೀನನ್ನೂ ಕಾಯುವ ರೆಗ್ಯುಲೇಷನ್ ಒಂದನ್ನು ತಂದಿತು. ಅಲ್ಲಿಂದಾಚೆ ಶಿಕಾರಿಗೆ ಲೈಸೆನ್ಸು, ಪರ್ಮಿಟ್ಟು ಎಂಬ ಮಾತುಗಳು ಕಾಡಿಗೂ ಬಂದವು. ಪರ್ಮಿಟ್ಟಿನ ಶಿಕಾರಿ ಊರಿನ ಶಿಕಾರಿಯಲ್ಲ. ಅದು ಪೇಟೆಯಿಂದ ಬಂದ ಸಾಹೇಬರದು. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯ ಚೋರಡಿಯ ಹುಲಿಯೊಂದನ್ನು ಕೆನೆತ್ ಆ್ಯಂಡರ್‌ಸನ್ 1957ರ ತಮ್ಮ ಪುಸ್ತಕದಲ್ಲಿ ಲೋಕಪ್ರಸಿದ್ಧವಾಗಿಸಿದರು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ಒಮ್ಮೆಗೇ ನಿಲ್ಲಿಸಿತೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ದೊಡ್ಡ ಬೇಟೆ, ಸಣ್ಣ ಬೇಟೆ ಮೊದಲಾದ ಲೈಸೆನ್ಸುಗಳು ಆ ಕಾಯಿದೆಯಲ್ಲಿಯೂ ಇದ್ದವು. ಬಾಗಿಲು ಪೂರಾ ಮುಚ್ಚಿದ್ದು 1991ರ ತಿದ್ದುಪಡಿಯಿಂದ. ಜಗಲಿಯಲ್ಲಿ ಟೋಪಿ ತೂಗುಹಾಕುತ್ತಿದ್ದ ಕಡವೆಯ ಕೊಂಬು ಕೂಡ ಅಪರಾಧದ ಸಾಕ್ಷಿಯಾಗುವ ಕಾಲ ಬಂತು. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕಗಳ ಗಲಾಟೆಯೆದ್ದು, 2024ರಲ್ಲಿ ಸರ್ಕಾರ ಇಂಥ ಹಳೆಯ ವಸ್ತುಗಳನ್ನು ಒಪ್ಪಿಸಲು ಅವಕಾಶ ಕೊಟ್ಟಾಗ, ಮಲೆನಾಡಿನ ಎಷ್ಟು ಅಟ್ಟಗಳ ಧೂಳು ಕೊಡವಿತೋ!

ಬೇರೆ ದೇಶಗಳಲ್ಲಿ ಇನ್ನೊಂದು ಬಗೆಯುಂಟು. ಅಮೆರಿಕದ ಮೇನ್ ಸಂಸ್ಥಾನದಲ್ಲಿ ‘ಮೂಸ್’ ಎಂಬ ದೈತ್ಯ ಸಾರಂಗದ ಬೇಟೆಯನ್ನು ಹಲವು ದಶಕಗಳ ಕಾಲ ನಿಲ್ಲಿಸಿ, 1980ರಲ್ಲಿ 700 ಪರ್ಮಿಟ್ಟುಗಳೊಡನೆ ಮತ್ತೆ ತೆರೆದರು. ಬೇಡುವವರು ಬಹಳ, ಪರ್ಮಿಟ್ಟು ಕೆಲವೇ. ಆದುದರಿಂದ ಲಾಟರಿ ಎತ್ತಿ ಹಂಚುತ್ತಾರೆ. ಹೆಸರು ಬಂದವನು ಆ ಒಂದು ಮೃಗಕ್ಕಾಗಿ ತಿಂಗಳುಗಟ್ಟಲೆ ಸಿದ್ಧನಾಗುತ್ತಾನೆ. ನಮ್ಮ ಕಾಟಿ, ಎಂದರೆ ಕಾಡುಕೋಣ, ಎತ್ತರದಲ್ಲಿ ಮೂಸಿಗೆ ಸರಿಗಟ್ಟುತ್ತದೆ, ತೂಕದಲ್ಲಿ ಮೀರಿಸುತ್ತದೆ. ಆದರೆ ಕಾಟಿಗೆ ಇಲ್ಲಿ ಲಾಟರಿಯೂ ಇಲ್ಲ, ಪರ್ಮಿಟ್ಟೂ ಇಲ್ಲ. ಇರಬೇಕೆಂದು ವಾದಿಸುವುದೂ ಉಚಿತವಲ್ಲ. ಮೇನ್‌ನ ಕಾಡಿನಂತೆ ಇಲ್ಲಿಯ ಕಾಡು ವಿಶಾಲವಾಗಿ ಉಳಿದಿಲ್ಲ.

ಉಳಿಯದಿರಲು ಕಾರಣ ಕೋವಿಯೊಂದೇ ಅಲ್ಲ. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ನಿಂತಾಗ ನೀರು 1,819 ಅಡಿಯ ಮಟ್ಟದವರೆಗೆ ಏರುವಂತಾಗಿ, ಸಾಗರ ಹೊಸನಗರಗಳ ಊರುಗಳೂ ಗದ್ದೆಗಳೂ ಹಳುಗಳೂ ಮುಳುಗಿದವು. ಬಿಲ್ಲಿಗೆ ನಿಲ್ಲುತ್ತಿದ್ದ ಕಂಡಿಗಳ ಮೇಲೆ ಲಾಂಚು ಓಡಾಡಿತು. 2025ರ ಜುಲೈನಲ್ಲಿ ಅಂಬಾರಗೊಡ್ಲು-ಕಳಸವಳ್ಳಿ ಸೇತುವೆ ತೆರೆದು, ಈಗ ಮೋಟಾರುಗಳೂ ಓಡುತ್ತಿವೆ. ಮನೆ ಕಳೆದುಕೊಂಡವರು ದೂರದ ಕಾಡುಗಳನ್ನು ಕಡಿದು ಹೊಸ ಗದ್ದೆ ಮಾಡಿಕೊಂಡರು. ಮುಳುಗಿದ ಕಣಿವೆಯ ಪ್ರಾಣಿಗಳು ಗುಡ್ಡಗಳಿಗೆ ಏರಿದವು. ಉಳಿದ ಕಾಡಿನಲ್ಲಿ 1972ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯವಾಯಿತು. 2019ರಲ್ಲಿ ಅದು ಸಿಂಗಳೀಕಗಳ ಹೆಸರನ್ನೂ ಕೂಡಿಸಿಕೊಂಡು 930 ಚದರ ಕಿಲೋಮೀಟರಿಗೆ ಬೆಳೆಯಿತು. ಮನುಷ್ಯನೂ ಮೃಗವೂ ಒಂದೇ ನೀರಿನಿಂದ ಓಡಿಬಂದು ಒಂದೇ ಅಂಚಿನಲ್ಲಿ ಎದುರುಬದುರಾಗಿ ನಿಂತದ್ದು ಹೀಗೆ.

ಆ ಅಂಚಿನಲ್ಲಿ ಇಂದು ನಡೆಯುವುದು ಬೇಟೆಯಲ್ಲ, ಕಾವಲು. ಭತ್ತದ ತೆನೆ ಹಾಲುಗಟ್ಟುವ ಹೊತ್ತಿಗೆ ಹಂದಿಯ ಹಿಂಡು ಒಂದಿರುಳು ನುಗ್ಗಿದರೆ, ತಿಂದದ್ದಕ್ಕಿಂತ ತುಳಿದು ಹೊರಳಾಡಿದ್ದೇ ಹೆಚ್ಚು. ಹಗಲಿನಲ್ಲಿ ಮಂಗಗಳ ಪಾಳಿ. ಎಳೆ ಅಡಕೆ, ಬಾಳೆ, ಏಲಕ್ಕಿ ಯಾವುದನ್ನೂ ಬಿಡವು. ಕಾಡಿಗೆ ಕಾಲಿಡಲು ಉಣುಗಿನ ಭಯ ಬೇರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಹಲವರನ್ನು ಬಲಿ ತೆಗೆದುಕೊಂಡಿತು.

ಗೋಡೆಯ ಕೋವಿಗೆ ಈಗಲೂ ಕಾನೂನಿನ ಆಸರೆ ಉಂಟು. 1959ರ ಆಯುಧ ಕಾಯಿದೆ, ಬೆಳೆಯ ರಕ್ಷಣೆಗೆಂದು ನಿಜವಾಗಿ ಬೇಕಾದವನಿಗೆ ಬಾಯಿಂದ ಮದ್ದು ತುಂಬುವ ಕೋವಿಯ ಲೈಸೆನ್ಸು ಕೊಡಬೇಕೆನ್ನುತ್ತದೆ. ರೈತ ಅರ್ಜಿ ಬರೆದು, ಪಹಣಿ ಲಗತ್ತಿಸಿ, ಠಾಣೆಯಿಂದ ಜಿಲ್ಲಾ ಕಚೇರಿಯವರೆಗೆ ಅಲೆದು ಆ ಪುಸ್ತಕವನ್ನು ಪಡೆಯುತ್ತಾನೆ, ಕಾಲಕಾಲಕ್ಕೆ ನವೀಕರಿಸಿಕೊಳ್ಳುತ್ತಾನೆ. ಅದನ್ನು ಹಾರಿಸುವ ಹಕ್ಕೇನು ಎಂದು ಕೇಳಿದರೆ ಉತ್ತರ ಸುಲಭವಲ್ಲ. ಗಾಳಿಗೆ ಹಾರಿಸಿ ಹಂದಿಯನ್ನು ಬೆದರಿಸಬಹುದು. ಕೊಲ್ಲಲು ವನ್ಯಜೀವಿ ಕಾಯಿದೆಯ 11ನೆಯ ಕಲಮಿನಂತೆ ಅಧಿಕಾರಿಯ ಲಿಖಿತ ಅಪ್ಪಣೆ ಬೇಕು. ಬೆಳೆಗೆ ಕಂಟಕವಾದ ಹಂದಿಗೆ ಅಂಥ ಅಪ್ಪಣೆ ಕೊಡಲು ಕಾನೂನಿನಲ್ಲಿ ದಾರಿಯಿದೆ. ಆದರೆ ಕಾಗದ ಬರುವವರೆಗೆ ಹಂದಿ ಗದ್ದೆಯಲ್ಲಿ ಕಾದು ನಿಲ್ಲುವುದಿಲ್ಲ. ಅಪ್ಪಣೆ ಬಂದು ಹಂದಿ ಬಿದ್ದರೂ ಅದು ಸರ್ಕಾರದ ಸೊತ್ತು. ಹೊಡೆದವನ ಪಾಲಿಲ್ಲ, ನಾಯಿಯ ಪಾಲಿಲ್ಲ, ಹಳುವಿನವರ ಪಾಲಂತೂ ಇಲ್ಲವೇ ಇಲ್ಲ. ಹಳುವಿನವರಿಲ್ಲದ ಮೇಲೆ ಊರು ಒಟ್ಟುಗೂಡುವುದೆಲ್ಲಿಂದ ಬಂತು? ಕೆಲವು ಕಡೆ ಉರುಳು, ಕೆಲವು ಕಡೆ ಬೇಲಿಗೆ ಹಾಯಿಸಿದ ವಿದ್ಯುತ್ತು ಆ ಕೆಲಸವನ್ನು ಕತ್ತಲಲ್ಲಿ ಕಳ್ಳತನದಿಂದ ಮಾಡುತ್ತವೆ. ಅವಕ್ಕೆ ಹಂದಿ, ಚಿರತೆ, ಮನುಷ್ಯ ಎಂಬ ಭೇದವಿಲ್ಲ. ಹಳೆಯ ಬೇಟೆಯಲ್ಲಿ ಕ್ರೌರ್ಯವಿತ್ತು, ನಿಜ, ಈ ಹೇಡಿತನವಿರಲಿಲ್ಲ.

ಇಷ್ಟರ ಮೇಲೆ ಚುನಾವಣೆ. ದಿನಾಂಕ ಸಾರಿದರೆಂದರೆ ಕೋವಿಯನ್ನು ಠಾಣೆಯಲ್ಲಿ ಠೇವಣಿಯಿಡಬೇಕೆಂಬ ಆಜ್ಞೆ ಹಳ್ಳಿಗಳನ್ನು ತಲಪುತ್ತದೆ. 2023ರ ಮೇ ತಿಂಗಳಲ್ಲಿ ವಿಧಾನಸಭೆಗೆ, 2024ರ ಮೇ ತಿಂಗಳಲ್ಲಿ ಲೋಕಸಭೆಗೆ ಈ ಜಿಲ್ಲೆ ಮತ ಹಾಕಿತು. ಯಾವ ಪಕ್ಷಕ್ಕೂ ಸೇರದ ಮಂಗಗಳಿಗೆ ನೀತಿಸಂಹಿತೆಯ ಬಂಧನವಿಲ್ಲ.

ಆಶ್ವೀಜ ಮಾಸ ಬಂತೆಂದರೆ ಮಾತ್ರ ಕೋವಿ ಗೂಟದಿಂದ ಇಳಿಯುತ್ತದೆ. ಆಯುಧಪೂಜೆಯ ದಿನ ಕತ್ತಿ, ಗುದ್ದಲಿ, ನೇಗಿಲುಗಳ ಸಾಲಿನಲ್ಲಿ ಅದಕ್ಕೂ ಕುಂಕುಮ, ಒಂದು ಎಸಳು ಹೂವು. ಅದಾದ ಕೆಲವೇ ದಿನಗಳಿಗೆ ಭೂಮಿ ಹುಣ್ಣಿಮೆ. ತೆನೆ ಹೊತ್ತ ಗದ್ದೆಯನ್ನು ಬಸುರಿಯೆಂದು ಬಗೆದು ಬಯಕೆಯ ಅಡುಗೆ ಉಣಿಸುವ ಹಬ್ಬ. ಹೆಂಗಸರು ರಾತ್ರಿಯೆಲ್ಲ ಎಚ್ಚರಿದ್ದು ಬಗೆಬಗೆಯ ಸೊಪ್ಪು ಬೇಯಿಸಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ತುಂಬುತ್ತಾರೆ. ಬೆಳಕು ಹರಿಯುವ ಮುನ್ನ ಗಂಡಸರು ದೀಪ ಹಿಡಿದು ಗದ್ದೆಗೆ ಹೋಗಿ, ಮೌನವಾದ ಪೈರಿನ ಮೇಲೆ ಅದನ್ನು ಬೀರುತ್ತ ಬದುವಿನುದ್ದಕ್ಕೂ ನಡೆಯುತ್ತಾರೆ. ಇಲಿಗೂ ಹಕ್ಕಿಗೂ ಅದರಲ್ಲಿ ಪಾಲುಂಟು. ದೀಪದ ಬೆಳಕು ಬದುವಿನ ಕೆಸರಿನ ಮೇಲೆ ಬಿದ್ದಾಗ ಹಂದಿಯ ಹೆಜ್ಜೆಯ ಸಾಲು ಕಾಣಿಸುತ್ತದೆ. ಅಂಚಿನ ಮಣ್ಣು ಇನ್ನೂ ತೇವವಾಗಿಯೇ ನಿಂತಿರುತ್ತದೆ. ಮುಂದೆ ನಡೆದವನು ದೀಪವನ್ನು ಒಂದಿಷ್ಟು ತಗ್ಗಿಸಿ ನೋಡಿ, ಬುಟ್ಟಿಯಿಂದ ಇನ್ನೊಂದು ಹಿಡಿ ತೆಗೆದು ಬೀರಿ, ಮುಂದಿನ ಗದ್ದೆಗೆ ದಾಟುತ್ತಾನೆ.