ಉಸಿರಾಡುವ ಜರಡಿ

ಕಳೆದ ದಸರೆಯ ರಜೆಯಲ್ಲಿ ಒಂದು ಬೆಳಗ್ಗೆ ನನ್ನ ಪತ್ನಿ ನಡುಮನೆಯಲ್ಲಿ ಕುಳಿತು ರಾಗಿಹಿಟ್ಟನ್ನು ಜರಡಿ ಹಿಡಿಯುತ್ತಿದ್ದಳು. ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿ ಬಂದಿದ್ದ ಮಗಳು ಅದನ್ನು ನೋಡುತ್ತ, “ಅಪ್ಪಾ, ಭಾರವಾದುದನ್ನು ಒಳಗೆ ಬಿಟ್ಟುಕೊಂಡು ಹಗುರವಾದುದನ್ನು ಹೊರಗೇ ನಿಲ್ಲಿಸುವ ಜರಡಿಯೊಂದುಂಟು, ಬಲ್ಲಿರಾ?” ಎಂದಳು. ನಾನು ನಕ್ಕುಬಿಟ್ಟೆನು. ಆ ದಿನಗಳಲ್ಲಿ ನಮ್ಮಿಬ್ಬರಿಗೂ ಮಾತು ಅಷ್ಟಕ್ಕಷ್ಟೆ. ಅವಳಿಗೆ ಸಂಶೋಧನೆಯ ಹಂಬಲ. ನನಗೆ ಅವಳು ಬೇಗನೆ ಉದ್ಯೋಗ ಹಿಡಿಯಲೆಂಬ ಆತುರ. ಕಣ್ಣಿಗೆ ಕಾಣದ ತೂತುಗಳಿಂದ ಬರುವ ಲಾಭವೇನೆಂದು ಒಮ್ಮೆ ಆಡಿಯೂ ಇದ್ದೆನು.

ಅವಳು ಹೇಳಿದುದರ ಸಾರವಿಷ್ಟು. ಜಲಜನಕಕ್ಕೆ ಡ್ಯೂಟೀರಿಯಂ ಎಂಬ ಒಡಹುಟ್ಟಿದವನುಂಟು. ಅಮೆರಿಕದ ಹೆರಾಲ್ಡ್ ಯೂರಿಯವರು 1931ರಲ್ಲಿ ಅದನ್ನು ಕಂಡುಹಿಡಿದರು. ಗುಣದಲ್ಲಿ ಇಬ್ಬರೂ ಬಹುಮಟ್ಟಿಗೆ ಒಂದೇ. ತೂಕದಲ್ಲಿ ಮಾತ್ರ ಇವನು ಇಮ್ಮಡಿ. ಸಮುದ್ರದ ನೀರಿನಲ್ಲಿ ಸುಮಾರು 6,400 ಜಲಜನಕದ ಪರಮಾಣುಗಳಿಗೆ ಒಂದರಂತೆ ಇವನು ಅಡಗಿರುವನು. ನಮ್ಮ ಕೈಗಾದ ಅಣುವಿದ್ಯುತ್ ಸ್ಥಾವರದಲ್ಲಿ ಬಳಸುವ ಭಾರಜಲದಲ್ಲಿ ಇರುವವನು ಇವನೇ. ಗಾತ್ರದಲ್ಲಿ ಭೇದವಿಲ್ಲದ ಇವರನ್ನು ಬೇರ್ಪಡಿಸಲು ತಗಲುವ ಶ್ರಮವೂ ವೆಚ್ಚವೂ ಬಹಳ.

ಆದರೆ ಕಡುಶೀತದಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಅಲ್ಲಿ ಅಣುಗಳು ಅಲೆಗಳಂತೆ ಹರಡಿಕೊಳ್ಳುತ್ತವೆ. ಹಗುರವಾದುದು ಹೆಚ್ಚು ಹರಡುತ್ತದೆ. ಆದುದರಿಂದ ಅತಿ ಕಿರಿದಾದ ರಂಧ್ರದ ಬಾಯಲ್ಲಿ ಹಗುರವಾದುದೇ ದಪ್ಪವೆನಿಸಿ ತಡೆಯುತ್ತದೆ. ಭಾರವಾದುದು ಬೇಗನೆ ನುಸುಳುತ್ತದೆ. ರಂಧ್ರ ತೀರ ಕಿರಿದಾದರೆ ಒಳಗೆ ಹಿಡಿಯುವುದು ಅತ್ಯಲ್ಪ. ಹಿರಿದಾದರೆ ಎರಡೂ ನುಗ್ಗುತ್ತವೆ. ಇದಕ್ಕೇನು ಉಪಾಯ?

ಉಪಾಯವೆಂದರೆ ಬಳುಕುವ ಜರಡಿ. ಅಲ್ಯೂಮಿನಿಯಮ್ಮನ್ನೂ ಇಂಗಾಲದ ಸಂಯುಕ್ತವನ್ನೂ ಹೆಣೆದು ಮಾಡಿದ ಎಂಐಎಲ್-53 ಎಂಬ ಹರಳುಪುಡಿಯ ರಂಧ್ರಗಳು ಎದೆಗೂಡಿನಂತೆ ಕುಗ್ಗುತ್ತವೆ, ಹಿಗ್ಗುತ್ತವೆ. 2017ರಲ್ಲಿ ಕೊರಿಯಾ ಮತ್ತು ಜರ್ಮನಿಯ ವಿಜ್ಞಾನಿಗಳು ಶೂನ್ಯಕ್ಕಿಂತ 233 ಡಿಗ್ರಿ ಕೆಳಗಿನ ಶೀತದಲ್ಲಿ ಎರಡು ಅನಿಲಗಳನ್ನೂ ಅದರ ಮೇಲೆ ಬಿಟ್ಟರು. ಡ್ಯೂಟೀರಿಯಮ್ಮಿಗೆ ಅದು ಹೆಚ್ಚು ಒಲಿದು ತೆರೆದುಕೊಂಡಿತು. ಅದರ ಪಾಲು ಹದಿಮೂರು ಪಟ್ಟಿಗೂ ಮೀರಿತು. ಅಷ್ಟು ಶೀತವನ್ನು ಒದಗಿಸುವುದೇ ದುಬಾರಿಯಾದ ಕೆಲಸವೆಂಬುದನ್ನೂ ಮಗಳು ಮರೆಮಾಚಲಿಲ್ಲ.

“ಬಿಗಿಯಾಗಿರುವುದೇ ಜರಡಿಯ ಗುಣವೆಂದಿದ್ದೆ” ಎಂದೆನು.

ಇಷ್ಟು ಹೊತ್ತೂ ಸುಮ್ಮನಿದ್ದ ನನ್ನ ಪತ್ನಿ ತಲೆಯೆತ್ತದೆಯೇ, “ಬಿಗಿಹಿಡಿದು ಕೂತರೆ ಯಾವ ಜರಡಿಯಲ್ಲಿ ಹಿಟ್ಟು ಇಳಿದೀತು? ಕೈ ಸ್ವಲ್ಪ ಆಡಬೇಕು” ಎಂದಳು.

ಮಾತು ಹಿಟ್ಟಿನದಲ್ಲವೆಂಬುದು ನನಗೆ ತಿಳಿಯಿತು. ಸಂಶೋಧನೆಗೆ ಸೇರುವ ಅರ್ಜಿಯ ಶುಲ್ಕವನ್ನು ಆ ಸಂಜೆಯೇ ಮಗಳ ಕೈಗಿತ್ತೆನು.